ಎಂಜಲು ಉಸಿರು

ನಾವು ಈಜು ಬಾರದ ಕೇರಿಯವರು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಈಗಿನ ಕೆಲಸ ಏನೆಂದು ಕೇಳಿದವರು, 'ಓ, ಕಡಲತಡಿಯ ಬೆಸ್ತರ ಮಕ್ಕಳಿರಬೇಕು' ಅನ್ನುತ್ತಾರೆ. ಅಲ್ಲ. ನಾವಿಬ್ಬರು ಅಣ್ಣತಮ್ಮಂದಿರು ಚಳ್ಳಕೆರೆ ಕಡೆಯ ಬಯಲುಸೀಮೆಯವರು. ಮುಗಿಲು ನೋಡಿಕೊಂಡು ಬದುಕುವ ಸೀಮೆ. ಈಗ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಜನರನ್ನು ಕಡಲಿನೊಳಕ್ಕೆ ಕರೆದುಕೊಂಡು ಹೋಗಿ, ಜೀವಸಹಿತ ಮೇಲೆ ತರುವುದು ನಮ್ಮ ಕೆಲಸ. ಅದಕ್ಕೆ ಡೈವ್ ಮಾಸ್ಟರ್ ಅನ್ನುತ್ತಾರೆ. ನಮ್ಮವ್ವ 'ನೀರಾಗೆ ದಾರಿ ತೋರ್ಸೋ ಕೆಲ್ಸ' ಅನ್ನುತ್ತಾಳೆ. ಅವ್ವ ಹೇಳುವುದೇ ಸರಿ.

ನಮ್ಮೂರಿನಲ್ಲಿ ಗೌಡರ ತೋಟದ ಕಪಿಲೆ ಬಾವಿ ಇತ್ತು. ಆ ಕಪಿಲೆಯ ತೊಗಲು ಚೀಲ ಹೊಲಿದು ಕೊಡುತ್ತಿದ್ದವನು ನಮ್ಮ ಮುತ್ತಾತ. ಅವನು ಹೊಲಿದ ತೊಗಲು ದಿನಕ್ಕೆ ನೂರು ಸಲ ಆ ನೀರಿಗೆ ಇಳಿದು ಏಳುತ್ತಿತ್ತು. ಅವನು ಒಂದು ಸಲವೂ ಇಳಿಯಲಿಲ್ಲ. ಸತ್ತ ಎಮ್ಮೆಯ ಚರ್ಮಕ್ಕೆ ಇದ್ದ ಹಕ್ಕು ಬದುಕಿದ್ದ ಮನುಷ್ಯನ ಚರ್ಮಕ್ಕೆ ಇರಲಿಲ್ಲ. ನಮ್ಮ ಕಾಲಕ್ಕೆ ಕಪಿಲೆ ಹೋಗಿ ಪಂಪ್‌ಸೆಟ್ ಬಂತು. ಕಟ್ಟಳೆ ಮಾತ್ರ ಹೋಗಲಿಲ್ಲ. ಬೇಸಿಗೆ ರಜೆಯಲ್ಲಿ ಊರಿನ ಹುಡುಗರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ದಬದಬ ಬೀಳುತ್ತಿದ್ದರು. ನಾವು ದಡದಲ್ಲಿ ಅವರ ಬಟ್ಟೆ ಕಾಯುತ್ತಿದ್ದೆವು. ಇಷ್ಟೇ ನಮಗೂ ಈಜಿಗೂ ಇದ್ದ ಸಂಬಂಧ.

ಬಾಬಾಸಾಹೇಬರು ಮಹಾಡದ ಚೌಡಾರ ಕೆರೆಯ ನೀರು ಮುಟ್ಟಿ ಕುಡಿದದ್ದು 1927ರ ಮಾರ್ಚ್ 20ರಂದು. ಕುಡಿಯುವ ನೀರಿನ ಮಾತು ಎಲ್ಲರಿಗೂ ಗೊತ್ತು. ಆದರೆ ನೀರು ಮುಟ್ಟಗೊಡದವರು ನಮ್ಮಿಂದ ಇನ್ನೊಂದನ್ನೂ ಕಿತ್ತುಕೊಂಡರು. ನೀರಿಗೆ ಬಿದ್ದರೆ ಬದುಕಿ ಬರುವ ವಿದ್ಯೆಯನ್ನು. ಅದರ ಬೆಲೆ ನಮಗೆ ಗೊತ್ತಾದದ್ದು ನಮ್ಮ ಚಿಕ್ಕವನು ಕಲ್ಲು ಕ್ವಾರಿಯ ಹೊಂಡಕ್ಕೆ ಜಾರಿದ ದಿನ. ಮೇಕೆಗೆ ನೀರು ಕುಡಿಸಲು ಹೋಗಿದ್ದ. ಎರಡು ಮಾರು ನೀರು, ಅಷ್ಟೇ. ಇಡೀ ಕೇರಿ ದಡದಲ್ಲಿ ನಿಂತು ಬಾಯಿ ಬಡಿದುಕೊಂಡಿತು. ಒಬ್ಬರಿಗೂ ಈಜು ಬರಲಿಲ್ಲ. ಈಜು ಬಲ್ಲ ಊರಿನವರೂ ಬಂದರು. 'ಯಾರಾದ್ರೂ ಇಳೀರಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ' ಅಂತ ಅವ್ವ ಸೆರಗೊಡ್ಡಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಫೈರ್ ಎಂಜಿನ್ನಿನವರು ಬಂದು ಎತ್ತಿದರು. ಒಂಬತ್ತು ವರ್ಷದ ಹುಡುಗ.

ಆಮೇಲೆ ನಾವು ಊರು ಬಿಟ್ಟೆವು. ಬೆಂಗಳೂರಲ್ಲಿ ಗಾರೆ ಕೆಲಸ, ಮಲ್ಪೆಯಲ್ಲಿ ಬೋಟಿನ ಮೀನು ಹೊರುವ ಕೆಲಸ, ಕಡೆಗೆ ಮುರ್ಡೇಶ್ವರ. ಪ್ರವಾಸಿಗಳನ್ನು ನೇತ್ರಾಣಿಗೆ ಒಯ್ಯುವ ದೋಣಿಯಲ್ಲಿ ಸಿಲಿಂಡರು ಹೊರಲು ಆಳು ಬೇಕಿತ್ತು. ಒಂದೊಂದು ಸುಮಾರು 14 ಕಿಲೋ. ಹೊರುವುದು ನಮಗೆ ಹೊಸದಲ್ಲವಲ್ಲ! ದ್ವೀಪ ದಡದಿಂದ ಸುಮಾರು 19 ಕಿಲೋಮೀಟರು. ದೋಣಿ ತೂಗಾಡಿದಾಗಲೆಲ್ಲ ನಾವು ಹಗ್ಗ ಹಿಡಿದು ಕಣ್ಣು ಮುಚ್ಚುತ್ತಿದ್ದೆವು. ದೋಣಿ ನಡೆಸುವ ಮುದುಕ ನಗುತ್ತಿದ್ದ. 'ಎಂತಕ್ಕೆ ಹೆದರ್ತ್ರಿ ಮಾರಾಯ್ರೆ? ನೀರು ಯಾರನ್ನೂ ದೂಡುದಿಲ್ಲ.' ನಮಗೆ ನೀರು ದೂಡುತ್ತದೆಂಬ ಭಯವಿರಲಿಲ್ಲ. ದಡದವರು ದೂಡಿದ್ದರು, ಅಷ್ಟೆ.

ಆ ಮುದುಕನೇ ನಮಗೆ ಸೊಂಟಮಟ್ಟದ ನೀರಲ್ಲಿ ಈಜು ಕಲಿಸಿದ. ಇಪ್ಪತ್ತು ದಾಟಿದ ಗಂಡಸರು ಮಕ್ಕಳ ಹಾಗೆ ಕಾಲು ಬಡಿದೆವು. ದಡದಲ್ಲಿ ನಿಂತವರು ನಕ್ಕರು. ನಗಲಿ. ನಕ್ಕವರು ಕೈ ಕಟ್ಟಿ ನಿಂತವರಿಗಿಂತ ಮೇಲು.

ಈಜು ಬಂದ ಮೇಲೆ ಸ್ಕೂಬಾ ಕಲಿಯುವ ಆಸೆ ಹುಟ್ಟಿತು. ನೀರಿನೊಳಗೆ ಉಸಿರಾಡುವ ಈ ಉಪಕರಣವನ್ನು 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ಟೋ ಮತ್ತು ಗಾನ್ಯಾನ್ ಎಂಬ ಇಬ್ಬರು ರೂಪಿಸಿದರು. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ, ರೆಗ್ಯುಲೇಟರಿನ ಮೂಲಕ, ನಾವಿರುವ ಆಳಕ್ಕೆ ತಕ್ಕಂತೆ ಹದವಾಗಿ ಬಾಯಿಗೆ ಬರುತ್ತದೆ. ಮೊದಲ ಮೆಟ್ಟಿಲು 18 ಮೀಟರು ಆಳ, ಎರಡನೆಯದು 30 ಮೀಟರು, ಮೂರನೆಯದು ಮುಳುಗುವವರನ್ನು ಉಳಿಸುವ ವಿದ್ಯೆ. ಅದಾದ ಮೇಲೆ ಡೈವ್ ಮಾಸ್ಟರ್. ಪ್ಯಾಡಿ ಎಂಬ ಸಂಸ್ಥೆಯ ಕಟ್ಟಳೆಯಂತೆ ಅದಕ್ಕೆ 18 ವರ್ಷ ತುಂಬಿರಬೇಕು. ತರಬೇತಿ ಶುರುವಾಗಲು 40 ಸಲ, ಮುಗಿಯಲು 60 ಸಲ ಮುಳುಗಿರಬೇಕು. ಒಂದೊಂದು ಮೆಟ್ಟಿಲಿಗೂ ದುಡ್ಡು. ನಮ್ಮ ವರ್ಷದ ಕೂಲಿ ಸುರಿದರೂ ಸಾಲದಷ್ಟು ದುಡ್ಡು.

ನಮಗೆ ಕೆಲಸ ಕೊಟ್ಟವರು ಒಂದು ದಾರಿ ಹೇಳಿದರು. ಎರಡು ಹಂಗಾಮು ಸಂಬಳವಿಲ್ಲದೆ ದುಡಿಯಿರಿ, ಕಲಿಸುತ್ತೇವೆ. ಬೆಳಿಗ್ಗೆ ಐದಕ್ಕೆ ಏಳುವುದು, ಸಿಲಿಂಡರು ತುಂಬುವುದು, ಹೊರುವುದು, ಪ್ರವಾಸಿಗಳು ಬಿಚ್ಚಿದ ಒದ್ದೆ ಬಟ್ಟೆ ತೊಳೆಯುವುದು. ಅಪ್ಪ ಫೋನಿನಲ್ಲಿ ಕೇಳಿದ, 'ಜೀತ ಹೋಗಿ ಐವತ್ತು ವರ್ಷ ಆತಂತಾರಲ್ಲೋ, ನೀವ್ಯಾಕ್ರೋ ಮತ್ತೆ ಬಿದ್ರಿ?' ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಅಪ್ಪನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಅಜ್ಜನ ಜೀತಕ್ಕೆ ಕೊನೆ ಇರಲಿಲ್ಲ, ಕಲಿಕೆಯೂ ಇರಲಿಲ್ಲ. ನಮ್ಮದಕ್ಕೆ ಎರಡೂ ಇದ್ದವು. ಹಾಗಂತ ಅದನ್ನು ನ್ಯಾಯ ಅನ್ನಲು ನಾಲಗೆ ಏಳುವುದಿಲ್ಲ. ದುಡ್ಡಿದ್ದವನು ದುಡ್ಡು ಕೊಟ್ಟು ಕಲಿಯುತ್ತಾನೆ. ಇಲ್ಲದವನು ಬೆನ್ನು ಕೊಟ್ಟು ಕಲಿಯುತ್ತಾನೆ.

ಪುಸ್ತಕವೆಲ್ಲ ಇಂಗ್ಲಿಷು. ಹತ್ತಿರದ ಹೈಸ್ಕೂಲಿನ ಮೇಷ್ಟ್ರೊಬ್ಬರು ರಾತ್ರಿ ಕೂತು ನಮಗೆ ಓದಿಸಿದರು. ಕಾಸು ಕೇಳಲಿಲ್ಲ. ಅವರೇ ಕೇಳಿದರು, 'ಬಾಯ್ಲ್ ನಿಯಮ ಓದಿದ್ದೀರಾ?' ಓದಿದ್ದೆವು. ಬಾಯಿಪಾಠ ಮಾಡಿದ್ದೆವು. ಬಾಯ್ಲ್ 1662ರಲ್ಲಿ ಬರೆದಿಟ್ಟ ಆ ಸಾಲು ನಮಗೆ ಅರ್ಥವಾದದ್ದು ಕಡಲಿನೊಳಗೆ. ದಡದಲ್ಲಿ ನಮ್ಮ ಮೇಲಿರುವುದು ಒಂದು ಪಟ್ಟು ಗಾಳಿಯ ಒತ್ತಡ. 10 ಮೀಟರು ಇಳಿದರೆ ಎರಡು ಪಟ್ಟು, 20ಕ್ಕೆ ಮೂರು, 30ಕ್ಕೆ ನಾಲ್ಕು. ಮೇಲೆ 6 ಲೀಟರು ಇದ್ದ ಗಾಳಿ 10 ಮೀಟರಿನಲ್ಲಿ 3 ಲೀಟರು ಆಗುತ್ತದೆ. ಕಿವಿ ಬಿರಿಯುವ ಹಾಗೆ ನೋಯುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ನೋವು ಇಳಿಯುತ್ತದೆ. ಇನ್ನು ಕೆಳಗೆ ಎದೆ ತುಂಬ ಗಾಳಿ ಎಳೆದು, ಉಸಿರು ಕಟ್ಟಿಕೊಂಡು ಮೇಲೆ ಬಂದರೋ, ಅದೇ ಗಾಳಿ ಎರಡರಷ್ಟಾಗಿ ಶ್ವಾಸಕೋಶ ಹರಿಯುತ್ತದೆ. ಆದ್ದರಿಂದ ಸ್ಕೂಬಾದ ಮೊದಲ ಪಾಠ ಇದು: ಉಸಿರು ಕಟ್ಟಬೇಡ. ಆಡುತ್ತಲೇ ಇರು.

ನಮ್ಮ ಹಿರಿಯರು ನಮಗೆ ಕಲಿಸಿದ್ದು ತಿರುಗುಮುರುಗು. ಗೌಡರ ಮುಂದೆ ಉಸಿರೆತ್ತಬ್ಯಾಡ್ರಲಾ. ಕಡಲು ಹೇಳಿತು: ಉಸಿರೆತ್ತದಿದ್ದರೆ ಸಾಯುತ್ತೀ.

ಕಡಲಿನೊಳಗೆ ಮಾತಿಲ್ಲ. ಕೈಸನ್ನೆ. ಬೆರಳು ದುಂಡಗೆ ಮಡಚಿದರೆ ಎಲ್ಲ ಸರಿ ಎಂದು. ಹೆಬ್ಬೆಟ್ಟು ಎತ್ತಿದರೆ ಭೇಷ್ ಎಂದಲ್ಲ, ಮೇಲೇಳೋಣ ಎಂದು. ನಮ್ಮ ಅಜ್ಜ ಹೆಬ್ಬೆಟ್ಟು ಒತ್ತಿದ್ದು ಜೀತದ ಪತ್ರಕ್ಕೆ. ಆ ಸನ್ನೆ ಕಲಿತ ದಿನ ನಮಗೆ ಅವನ ಶಾಯಿ ಮೆತ್ತಿದ ಬೆರಳು ನೆನಪಾಯಿತು. ಮೇಲೇಳುವುದಕ್ಕೂ ರೀತಿಯುಂಟು. ಒಮ್ಮೆಲೇ ನುಗ್ಗಿದರೆ ರಕ್ತದಲ್ಲಿ ಕರಗಿದ ಸಾರಜನಕ ಸೋಡಾ ಬಾಟಲಿಯ ಹಾಗೆ ಗುಳ್ಳೆಯೆದ್ದು ಕೀಲುಗಳನ್ನು, ನರಗಳನ್ನು ಮುರಿಯುತ್ತದೆ. ಮೆಲ್ಲಗೆ ಏರಬೇಕು. 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗಲೇ ದೋಣಿಗೆ ಮರಳಬೇಕು.

ಉಳಿಸುವ ವಿದ್ಯೆ ಕಲಿಯುವಾಗ ನಮಗೆ ಕಷ್ಟವಾಯಿತು. ಪ್ರಜ್ಞೆ ತಪ್ಪಿದವನಂತೆ ಒಬ್ಬ ತಳದಲ್ಲಿ ಮಲಗಿರುತ್ತಾನೆ. ಅವನನ್ನು ಹುಡುಕಿ, ಮೇಲೆ ತಂದು, ನೀರಿನ ಮೇಲೇ ಬಾಯಿಗೆ ಉಸಿರು ಕೊಡುತ್ತ ದೋಣಿಗೆ ಎಳೆಯಬೇಕು. ಮೊದಲ ಸಲ ನಮ್ಮಲ್ಲಿ ದೊಡ್ಡವನು ಆ ಮೈ ಮುಟ್ಟಿದ ಕೂಡಲೇ ಕೈಕಾಲು ಆಡದೆ ನಿಂತುಬಿಟ್ಟ. ಕ್ವಾರಿಯ ಹೊಂಡ ಕಣ್ಣಿಗೆ ಕಟ್ಟಿತ್ತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಎಳೆದು ತಂದ. ದೋಣಿಯ ಅಂಚು ಹಿಡಿದು ಇಬ್ಬರೂ ಅತ್ತೆವು. ಕಲಿಸುವವರಿಗೆ ಯಾಕೆಂದು ಗೊತ್ತಾಗಲಿಲ್ಲ. ನಾವೂ ಹೇಳಲಿಲ್ಲ.

ಡೈವ್ ಮಾಸ್ಟರ್ ಪರೀಕ್ಷೆಗೆ 400 ಮೀಟರು ನಿಲ್ಲದೆ ಈಜಬೇಕು. ಮುಖ ನೀರಲ್ಲಿಟ್ಟು 800 ಮೀಟರು ಈಜಬೇಕು. ದಣಿದವನೊಬ್ಬನನ್ನು 100 ಮೀಟರು ಎಳೆಯಬೇಕು. 15 ನಿಮಿಷ ನಿಂತಲ್ಲೇ ತೇಲಬೇಕು, ಕೊನೆಯ 2 ನಿಮಿಷ ಎರಡೂ ಕೈ ನೀರಿನಿಂದ ಮೇಲೆ. ಬಟ್ಟೆ ಕಾದವರು ಇದೆಲ್ಲ ಮಾಡಿದೆವು.

ಇನ್ನೊಂದು ಪರೀಕ್ಷೆಯಿದೆ. ಇಬ್ಬರು ನೀರಿನೊಳಗೆ ಕೂತು ತಮ್ಮ ಸಿಲಿಂಡರು, ಕನ್ನಡಕ, ಕಾಲಿನ ರೆಕ್ಕೆ ಎಲ್ಲವನ್ನೂ ಬಿಚ್ಚಿ ಅದಲುಬದಲು ಮಾಡಿಕೊಳ್ಳಬೇಕು. ಅಷ್ಟು ಹೊತ್ತೂ ಇಬ್ಬರಿಗೂ ಒಂದೇ ರೆಗ್ಯುಲೇಟರು. ಒಬ್ಬನ ಬಾಯಿಂದ ತೆಗೆದು ಇನ್ನೊಬ್ಬನ ಬಾಯಿಗೆ. ಅವನದಾದ ಮೇಲೆ ಮತ್ತೆ ಇವನಿಗೆ.

ನಮ್ಮಲ್ಲಿ ಚಿಕ್ಕವನಿಗೆ ಜೋಡಿಯಾದವನು ಬೆಂಗಳೂರಿನ ಒಬ್ಬ ಇಂಜಿನಿಯರು. ದುಡ್ಡು ಕೊಟ್ಟು ಕಲಿಯಲು ಬಂದವನು. ಮೊದಲ ದಿನವೇ ನಮ್ಮ ಪೂರ್ತಿ ಹೆಸರು ಕೇಳಿದ್ದ, ಊರಿನಲ್ಲಿ ಮನೆ ಯಾವ ಕಡೆ ಅಂತ ಕೇಳಿದ್ದ. ಅವತ್ತಿನಿಂದ ದೋಣಿಯ ಕೊಡದ ನೀರು ಬಿಟ್ಟು ತನ್ನದೇ ಬಾಟಲಿ ತರುತ್ತಿದ್ದ. ಒರಟು ಮಾತು ಒಂದೂ ಆಡಲಿಲ್ಲ. ನಮ್ಮನ್ನು 'ಬ್ರದರ್' ಅನ್ನುತ್ತಿದ್ದ.

ತಳದಲ್ಲಿ ಇಬ್ಬರೂ ಎದುರುಬದುರು ಕೂತರು. ನಮ್ಮವನು ಎರಡು ಉಸಿರು ಎಳೆದು ಅವನ ಕಡೆ ಚಾಚಿದ. ಅವನು ತೆಗೆದುಕೊಂಡ. ಬಾಯಿಗೆ ಇಡುವ ಮೊದಲು ಹೆಬ್ಬೆರಳಿನಿಂದ ಅದನ್ನು ಒರೆಸಿದ. ನೋಡಿ ಗೆಳೆಯರೆ, ಸುತ್ತ ಅರಬ್ಬೀ ಸಮುದ್ರ! ಅಷ್ಟು ನೀರು ತೊಳೆಯದ್ದನ್ನು ಅವನ ಹೆಬ್ಬೆರಳು ತೊಳೆಯಲು ಹೊರಟಿತ್ತು. ಅಷ್ಟರಲ್ಲಿ ಅವನ ಎದೆಯ ಗಾಳಿ ಮುಗಿಯಿತು. ಕಣ್ಣು ಅಗಲವಾಯಿತು. ಒರೆಸುವುದನ್ನು ಬಿಟ್ಟು ಬಾಯಿಗೆ ತುರುಕಿಕೊಂಡ. ಆಮೇಲೆ ಮತ್ತೆ ಒರೆಸಲಿಲ್ಲ. ನಮ್ಮ ಎಂಜಲು ಅವನಿಗೆ, ಅವನ ಎಂಜಲು ನಮಗೆ. ಎಷ್ಟು ಸಲವೋ ಲೆಕ್ಕವಿಲ್ಲ. ಸಾವಿರಾರು ವರ್ಷ ಕಟ್ಟಿದ ಗೋಡೆ ಒಂದು ಉಸಿರಿನಷ್ಟೂ ದಪ್ಪವಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಚಂದದ ಕತೆ. ಆದರೆ ಇಬ್ಬರೂ ಮೇಲೆ ಬಂದರು. ಅವನು ದೋಣಿಯ ಮೂಲೆಗೆ ಹೋಗಿ ತನ್ನ ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿದ. ಮತ್ತೆ ಮುಕ್ಕಳಿಸಿದ. ಉಪ್ಪುನೀರು ಕುಡಿದವರೆಲ್ಲ ಮುಕ್ಕಳಿಸುತ್ತಾರೆ, ಇದೂ ಅಷ್ಟೇ ಇರಬಹುದು. ಇಲ್ಲದೆಯೂ ಇರಬಹುದು. ಈ ಅನುಮಾನ ಹೊತ್ತು ತಿರುಗುವುದೇ ನಮ್ಮ ಪಾಡು. ಅವನೂ ಪಾಸಾದ, ನಾವೂ ಪಾಸಾದೆವು. ನೀರಿನೊಳಗೆ ಜಾತಿಗೆ ಉಸಿರು ಸಿಗುವುದಿಲ್ಲ. ದೋಣಿ ಹತ್ತಿದ ಕೂಡಲೇ ಅದಕ್ಕೂ ಜೀವ ಬರುತ್ತದೆ.

ಈಗ ನಮಗೆ ಸಂಬಳವಿದೆ. ಇಳಿಯುವ ಮೊದಲು ಪ್ರವಾಸಿಗಳಿಗೆ ಹೇಳುತ್ತೇವೆ, ತಲೆ ಎಣಿಸುತ್ತೇವೆ, ಕೆಳಗೂ ಎಣಿಸುತ್ತೇವೆ. ಹೆದರಿದವರು ನಮ್ಮ ಕೈ ಬಿಗಿಯಾಗಿ ಹಿಡಿಯುತ್ತಾರೆ. ಯಾವ ಕೈ ಎಂದು ಕೇಳುವುದಿಲ್ಲ. ಎಷ್ಟು ಜನ ಇಳಿದರೋ ಅಷ್ಟೇ ಜನ ಮೇಲೆ ಬರಬೇಕು. ಆ ಲೆಕ್ಕ ತಪ್ಪಬಾರದು. ಲೆಕ್ಕ ತಪ್ಪಿದ ಮನೆ ಹೇಗಿರುತ್ತದೆ ಎಂದು ನಮಗೆ ಗೊತ್ತು.

ಮಳೆಗಾಲಕ್ಕೆ ಕಡಲು ಮುಚ್ಚುತ್ತದೆ. ಊರಿಗೆ ಹೋಗುತ್ತೇವೆ. ಗೌಡರ ಬಾವಿ ಬತ್ತಿ ಈಗ ಅದರಲ್ಲಿ ಕಸ ಸುರಿದಿದ್ದಾರೆ. ಹೋದ ವರ್ಷ ಕೆರೆಗೆ ನೀರು ಬಂದಿತ್ತು. ಸೊಂಟಮಟ್ಟದ ಕಡೆ ಹಗ್ಗ ಕಟ್ಟಿ, ಖಾಲಿ ಎಣ್ಣೆ ಕ್ಯಾನು ಕೊಟ್ಟು, ಕೇರಿಯ ಮಕ್ಕಳನ್ನು ಇಳಿಸಿದೆವು. ಹೆಣ್ಣುಮಕ್ಕಳನ್ನೂ. ನಾಲ್ಕನೆಯ ದಿನ ಊರಿನ ಎರಡು ಹುಡುಗರೂ ಬಂದು ದಡದಲ್ಲಿ ನಿಂತರು. ಅವರನ್ನು ಬಟ್ಟೆ ಕಾಯಲು ಬಿಡಲಿಲ್ಲ. ನೀರಿಗೆ ಕರೆದೆವು.

ಅವ್ವ ಏರಿಯ ಮೇಲೆ ಕೂತಿದ್ದಳು. ಚಿಕ್ಕವನು ಹೋದ ಮೇಲೆ ಅವಳು ನಿಂತ ನೀರಿನ ಹತ್ತಿರ ಬಂದದ್ದು ಅದೇ ಮೊದಲು. 'ಎಣಿಸ್ಕಳ್ರಪ್ಪಾ, ಎಣಿಸ್ಕಳ್ರಿ' ಅನ್ನುತ್ತಲೇ ಇದ್ದಳು.

ಇದನ್ನು ಓದುವ ಮೇಷ್ಟ್ರುಗಳಲ್ಲಿ ಒಂದು ಮಾತು. ನಿಮ್ಮ ಶಾಲೆಯ ಹತ್ತಿರ ಕ್ವಾರಿಯೋ ಕೃಷಿಹೊಂಡವೋ ಇದ್ದೇ ಇರುತ್ತದೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕು ಜಾರುತ್ತದೆ, ಬಿದ್ದ ಮಗುವಿಗೆ ಹತ್ತಲಾಗುವುದಿಲ್ಲ. ಗಂಟು ಹಾಕಿದ ಹಗ್ಗವೊಂದನ್ನು ದಡದಿಂದ ನೀರಿಗೆ ಇಳಿಬಿಡಿ. ಈಜು ಬಾರದವರು ಹಾರಬೇಡಿ, ಹಗ್ಗ, ಕೋಲು, ಸೀರೆ, ಖಾಲಿ ಕ್ಯಾನು, ಏನು ಸಿಕ್ಕರೂ ಅದನ್ನು ಎಸೆಯಿರಿ. ಬಾಯ್ಲ್ ನಿಯಮ ಕಲಿಸುವ ದಿನ ಈಜಿನ ಮಾತನ್ನೂ ಆಡಿ. ಕೇರಿಯ ಮಕ್ಕಳನ್ನು ಮೊದಲು ನೀರಿಗಿಳಿಸಿ. ದಡದಲ್ಲಿ ನಿಂತು ಸಾಕಾಗಿದೆ ಅವರಿಗೆ.