ಆಜ್ಞೆಯಿಂದ ಹುಟ್ಟಿದ ಮಕ್ಕಳು

ಮಗು ಹುಟ್ಟಿದಾಗ ತಾಯಿ ಅದರ ಮುಖವನ್ನು ನೋಡುತ್ತಾಳೆ. ರಾಜ್ಯವು ಲೆಕ್ಕದ ಪುಸ್ತಕವನ್ನು ನೋಡುತ್ತದೆ. ಲೆಕ್ಕವಿಡುವುದು ದೋಷವಲ್ಲ. ಆದರೆ ಲೆಕ್ಕವೇ ಗುರಿಯಾಗಿ ಮಗುವು ಕೇವಲ ಸಾಧನವಾದಾಗ ಏನಾಗುತ್ತದೆಂಬುದಕ್ಕೆ ರುಮೇನಿಯಾ ದೇಶದ ಇತಿಹಾಸವೇ ಸಾಕ್ಷಿ.

1966ರ ಅಕ್ಟೋಬರಿನಲ್ಲಿ ನಿಕೊಲಾಯೆ ಚೌಶೆಸ್ಕುವಿನ ಸರ್ಕಾರವು 770ನೆಯ ಸಂಖ್ಯೆಯ ಆಜ್ಞೆಯನ್ನು ಹೊರಡಿಸಿ ಗರ್ಭಪಾತವನ್ನು ನಿಷೇಧಿಸಿತು. ನಾಲ್ಕು ಮಕ್ಕಳನ್ನು ಹೆತ್ತವರು, 45 ವರ್ಷ ದಾಟಿದವರು ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿಯಿತ್ತು. ಗರ್ಭನಿರೋಧದ ಸಾಧನಗಳು ದುರ್ಲಭವಾದವು; ಮಕ್ಕಳಿಲ್ಲದವರ ಮೇಲೆ ತೆರಿಗೆ ಬಿತ್ತು. ಗರ್ಭಪಾತದ ನಿಷೇಧವೆಂದೊಡನೆ ಅಹಿಂಸೆಯಲ್ಲಿ ಶ್ರದ್ಧೆಯುಳ್ಳವರು ಅದನ್ನು ಜೀವದಯೆಯೆಂದು ಭಾವಿಸಬಹುದು. ಆದರೆ ಆ ಆಜ್ಞೆಯ ಹಿಂದೆ ಇದ್ದುದು ದಯೆಯಲ್ಲ. ಜನಸಂಖ್ಯೆ ಬೆಳೆದು ದುಡಿಯುವ ಕೈಗಳು ಹೆಚ್ಚಬೇಕೆಂಬ ಅಪೇಕ್ಷೆ.

1966ರಲ್ಲಿ ಆ ದೇಶದಲ್ಲಿ ಹುಟ್ಟಿದ ಮಕ್ಕಳು ಸುಮಾರು 2 ಲಕ್ಷ 74 ಸಾವಿರ. 1967ರಲ್ಲಿ ಸುಮಾರು 5 ಲಕ್ಷ 28 ಸಾವಿರ. ಆಜ್ಞೆ ಗೆದ್ದಂತೆ ಕಂಡಿತು. ಆದರೆ ಜನರು ಗುಪ್ತಮಾರ್ಗಗಳನ್ನು ಹಿಡಿದರು. 1983ರ ವೇಳೆಗೆ ಜನನಪ್ರಮಾಣ ಹಳೆಯ ಮಟ್ಟಕ್ಕೇ ಇಳಿದಿತ್ತು. ಕದ್ದು ಮಾಡಿಸಿಕೊಂಡ ಗರ್ಭಪಾತಗಳಿಂದ 23 ವರ್ಷಗಳಲ್ಲಿ ಸತ್ತ ಸ್ತ್ರೀಯರು ಹತ್ತು ಸಾವಿರದಷ್ಟೆಂದು ಅಂದಾಜು. 1989ರ ಡಿಸೆಂಬರಿನಲ್ಲಿ ಆಡಳಿತ ಉರುಳಿ ನಿಷೇಧ ರದ್ದಾದ ಮರುವರ್ಷವೇ ಬಾಣಂತಿಯರ ಮರಣಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು.

ಹೆರಲು ಆಜ್ಞಾಪಿಸಿದ ಸರ್ಕಾರ ಸಾಕಲು ಬೇಕಾದುದನ್ನು ಕೊಡಲಿಲ್ಲ. 1980ರ ದಶಕದಲ್ಲಿ ವಿದೇಶೀ ಸಾಲ ತೀರಿಸುವುದಕ್ಕಾಗಿ ಆಹಾರಕ್ಕೂ ವಿದ್ಯುತ್ತಿಗೂ ಕಡಿತ ಬಿತ್ತು. ಸಲಹಲಾರದ ತಂದೆತಾಯಿಗಳು ಮಕ್ಕಳನ್ನು ಸರ್ಕಾರಿ ಮಂದಿರಗಳಿಗೆ ಒಪ್ಪಿಸಿದರು. ಆಡಳಿತ ಬಿದ್ದಾಗ ಅಂತಹ ಮಂದಿರಗಳಲ್ಲಿ ಲಕ್ಷಕ್ಕೂ ಮಿಕ್ಕಿ ಮಕ್ಕಳಿದ್ದರು. ಅವರಲ್ಲಿ ಹೆಚ್ಚಿನವರು ತಬ್ಬಲಿಗಳಾಗಿರಲಿಲ್ಲ. ಅಲ್ಲಿಂದಲೂ ಬಡ ಮನೆಗಳಿಂದಲೂ ಓಡಿಹೋದ ಮಕ್ಕಳು 1990ರ ದಶಕದಲ್ಲಿ ರಾಜಧಾನಿ ಬುಖಾರೆಸ್ಟಿನ ರೈಲುನಿಲ್ದಾಣದ ಸುತ್ತ, ನೆಲದಡಿಯ ಬಿಸಿನೀರಿನ ಕೊಳವೆಗಳ ಪಕ್ಕದಲ್ಲಿ ಬದುಕಿದರು. ಬೇಡಿದರು, ಕದ್ದರು, ಬಣ್ಣದ ವಾಸನೆಯನ್ನು ಮೂಸಿ ಹಸಿವನ್ನು ಮರೆತರು. ಅವರನ್ನು ಬಾಲಾಪರಾಧಿಗಳೆನ್ನುವುದು ಸುಲಭವಾಗಿತ್ತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವಾದವೂ ಇದೆ. 2001ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಜಾನ್ ಡೊನಹ್ಯೂ ಮತ್ತು ಸ್ಟೀವನ್ ಲೆವಿಟ್, ತಮ್ಮ ದೇಶದಲ್ಲಿ ಗರ್ಭಪಾತ ಕಾನೂನುಬದ್ಧವಾದುದೇ ಮುಂದೆ ಅಪರಾಧಗಳು ಇಳಿಯಲು ಒಂದು ದೊಡ್ಡ ಕಾರಣವೆಂದು ಬರೆದರು. ಅವರ ಗಣಿತವನ್ನು ಇತರ ವಿದ್ವಾಂಸರು ಪ್ರಶ್ನಿಸಿದ್ದಾರೆ, ವಿವಾದ ಮುಗಿದಿಲ್ಲ. ಗಣಿತ ಸರಿಯೇ ಆಗಲಿ, ಅದನ್ನೇ ನೀತಿಯನ್ನಾಗಿ ಮಾಡಿಕೊಂಡರೆ ಹುಟ್ಟದ ಶಿಶುವನ್ನು ಮುಂದಿನ ಕಳ್ಳನೆಂದು ಎಣಿಸಿದಂತಾಗುತ್ತದೆ. ಒಂದು ನೀತಿ ಮಗುವನ್ನು ದುಡಿಯುವ ಕೈಯೆಂದು ಕಂಡಿತು, ಇನ್ನೊಂದು ಅಪಾಯವೆಂದು ಕಾಣುತ್ತದೆ. ಮಗುವನ್ನು ಮಗುವೆಂದು ಎರಡೂ ಕಾಣುವುದಿಲ್ಲ.

ಹಾಗೆ ಕಂಡರೆ ಏನಾಗುತ್ತದೆಂಬುದನ್ನೂ ಬುಖಾರೆಸ್ಟೇ ತೋರಿಸಿತು. 2000ರಲ್ಲಿ ಅಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ ಮಂದಿರಗಳ 136 ಶಿಶುಗಳ ಪೈಕಿ ಅರ್ಧದಷ್ಟನ್ನು ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಮಡಿಲು ಸೇರಿದ ಮಕ್ಕಳ ಬುದ್ಧಿ, ಮಾತು, ಬಾಂಧವ್ಯಗಳು ಮಂದಿರದಲ್ಲಿ ಉಳಿದವರಿಗಿಂತ ಚೆನ್ನಾಗಿ ಬೆಳೆದವು; ಎರಡು ವರ್ಷದೊಳಗೆ ಹೋದವರಿಗೆ ಹೆಚ್ಚಿನ ಪ್ರಯೋಜನವಾಯಿತು. 2004ರಲ್ಲಿ ರುಮೇನಿಯಾವು ತೀವ್ರ ಅಂಗವೈಕಲ್ಯವುಳ್ಳವರ ಹೊರತು ಎರಡು ವರ್ಷದೊಳಗಿನ ಶಿಶುಗಳನ್ನು ಮಂದಿರಗಳಲ್ಲಿ ಇಡಕೂಡದೆಂದು ಶಾಸನ ಮಾಡಿತು. ಮಂದಿರದಲ್ಲಿ ಕುಗ್ಗಿದ್ದು ಮಗುವಿನ ಹುಟ್ಟುಗುಣದಿಂದಲ್ಲ, ಎತ್ತಿಕೊಳ್ಳುವ ಕೈಯಿಲ್ಲದುದರಿಂದ.

ನಮ್ಮ ದೇಶವೂ ಈ ದೋಷದಿಂದ ಮುಕ್ತವಾಗಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಎಷ್ಟೋ ಕಡೆ ಬಲಾತ್ಕಾರದಿಂದ. ಅಲ್ಲಿ ಹೆರಬೇಕೆಂಬ ಆಜ್ಞೆ, ಇಲ್ಲಿ ಹೆರಬಾರದೆಂಬ ಆಜ್ಞೆ. ದಂಪತಿಗಳ ಮನಸ್ಸನ್ನು ಎರಡೂ ಕೇಳಲಿಲ್ಲ.

ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯನ್ನು ಮೂರು ಬಗೆಯಾಗಿ ಹಿರಿಯರು ವಿಂಗಡಿಸಿದ್ದಾರೆ. ಮಾಡಿದವನಷ್ಟೇ ಅಲ್ಲ, ಮಾಡಿಸಿದವನೂ ಒಪ್ಪಿದವನೂ ಅದರಲ್ಲಿ ಪಾಲುಗಾರರು. ರೈಲುನಿಲ್ದಾಣದಲ್ಲಿ ಬ್ರೆಡ್ಡನ್ನು ಕದ್ದ ಹುಡುಗ ಮಾಡಿದವನು. ಅವನನ್ನು ಅಲ್ಲಿಗೆ ತಂದ ಆಜ್ಞೆ ಮಾಡಿಸಿದ್ದು. ಕಂಡೂ ಕಾಣದಂತೆ ಸಾಗಿದವರು ಒಪ್ಪಿದವರು. ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವವನು ಮಾತ್ರ ಆ ಹುಡುಗನೊಬ್ಬನೇ. ಜೀವವನ್ನು ಉಳಿಸಬೇಕೆನ್ನುವವರು ಆ ಜೀವಕ್ಕೆ ಅನ್ನ, ಅಕ್ಷರ, ಅಕ್ಕರೆಗಳನ್ನು ಕೊಡುವ ಹೊಣೆಯನ್ನೂ ಹೊತ್ತಾಗಲೇ ಅವರ ದಯೆ ಪೂರ್ಣವಾಗುತ್ತದೆ.