ನೆತ್ತಿಗೇರಿದ ನೀರು

ನೀರು ಕುಡಿಯುವಾಗ ಅಜ್ಜನಿಗೆ ಕೆಮ್ಮು ಬಂದರೆ ‘ನೆತ್ತಿಗೇರಿತು, ಯಾರೋ ನೆನೆಸಿಕೊಂಡಿರಬೇಕು’ ಎಂದು ತಲೆ ತಟ್ಟುವುದು ಮನೆಮನೆಯ ವಾಡಿಕೆ. ಎಂದೋ ಒಮ್ಮೆ ಆದರೆ ಸರಿ. ಪ್ರತಿ ಊಟದಲ್ಲೂ ಹೀಗಾದರೆ ಅಜ್ಜನನ್ನು ನೆನೆಯಬೇಕಾದವರು ಮನೆಯವರೇ.

ನೀರು ನೆತ್ತಿಗೇರುವುದಿಲ್ಲ, ಶ್ವಾಸನಾಳಕ್ಕೆ ಇಳಿಯುತ್ತದೆ. ಗಂಟಲಿನಲ್ಲಿ ಅನ್ನದ ದಾರಿ, ಉಸಿರಿನ ದಾರಿ ಎರಡೂ ಒತ್ತಾಗಿವೆ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರಿ, ಎಲೆಯಂಥ ಮುಚ್ಚಳವೊಂದು ಬಾಗಿ, ಉಸಿರು ಕ್ಷಣಕಾಲ ನಿಲ್ಲುತ್ತದೆ. ಗಂಟಲ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಈ ಏರಿಳಿತ ಯಾವ ವಿದ್ಯಾರ್ಥಿಗೂ ತಿಳಿಯುತ್ತದೆ. ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಮರೆವಿನ ಕಾಯಿಲೆಗಳಲ್ಲಿ ಈ ಹೊಂದಾಣಿಕೆ ತಪ್ಪುತ್ತದೆ. ಆಗ ಆಹಾರದ ಜೊತೆ ಬಾಯಿಯ ರೋಗಾಣುಗಳೂ ಶ್ವಾಸಕೋಶ ಸೇರಿ ನ್ಯುಮೋನಿಯಾ ಬರಬಹುದು. ಅದು ಪ್ರಾಣಕ್ಕೂ ಎರವಾದೀತು.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಜೀವಮಾನವೆಲ್ಲ ಹಾಗೆ ಉಂಡ ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರೆ ‘ವಯಸ್ಸಾಯಿತು, ಹಸಿವಿಲ್ಲ’ ಎಂದುಬಿಡುತ್ತಾರೆ. ನುಂಗಲು ಹೆದರಿಕೆ ಎಂದು ಅಜ್ಜಿ ಬಾಯಿಬಿಟ್ಟು ಹೇಳುವುದಿಲ್ಲ. ವೃದ್ಧಾಶ್ರಮದಲ್ಲಿ ಹತ್ತಾರು ಮಂದಿಗೆ ಒಬ್ಬರೇ ಬಡಿಸುವಾಗ ಇದು ಕಣ್ಣಿಗೆ ಬೀಳುವುದೂ ಕಷ್ಟ. ಆದ್ದರಿಂದಲೇ ಅಲ್ಲಿಗೆ ಸೇರಿದವರ ರಕ್ತದೊತ್ತಡ ನೋಡುವಂತೆ ನುಂಗುವ ಶಕ್ತಿಯನ್ನೂ ನೋಡಬೇಕು.

ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. 1992ರಲ್ಲಿ ಪ್ರಕಟವಾದ ವಿಧಾನವೊಂದರಲ್ಲಿ, ನೆಟ್ಟಗೆ ಕುಳಿತವರಿಗೆ ಸುಮಾರು 90 ಮಿ.ಲೀ. ನೀರನ್ನು ನಿಲ್ಲಿಸದೆ ಕುಡಿಯಲು ಕೊಡುತ್ತಾರೆ. ಕೆಮ್ಮು ಬಂದರೆ, ಆಮೇಲೆ ದನಿ ಗೊರಗೊರ ಎಂದರೆ ತಜ್ಞರ ಬಳಿಗೆ ಕಳಿಸಬೇಕು. ತರಬೇತಿ ಪಡೆದವರೇ ಇದನ್ನು ಮಾಡಬೇಕು, ಮನೆಯಲ್ಲಿ ಪ್ರಯೋಗ ಬೇಡ. ಕೆಲವರಿಗೆ ನೀರು ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ! ಊಟಕ್ಕೆ ಬಹಳ ಹೊತ್ತು ಹಿಡಿಯುವುದು, ತುತ್ತು ಕೆನ್ನೆಯಲ್ಲೇ ಉಳಿಯುವುದು, ತೂಕ ಇಳಿಯುವುದು, ಪದೇ ಪದೇ ಜ್ವರ ಬರುವುದು ಇವೂ ಸೂಚನೆಗಳೇ.

ವಾಕ್ ಚಿಕಿತ್ಸಕರು ಮಾತಿಗೆ ಮಾತ್ರವಲ್ಲ, ನುಂಗುವ ತೊಂದರೆಗೂ ಚಿಕಿತ್ಸೆ ನೀಡುತ್ತಾರೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಜ್ಞರನ್ನು ತಯಾರು ಮಾಡುತ್ತಿದೆ. ಕೆಲವರಿಗೆ ನೀರಿಗಿಂತ ಗಂಜಿಯಂಥ ಮಂದ ದ್ರವ ನುಂಗುವುದು ಸುಲಭ. ಯಾರಿಗೆ ಯಾವುದು ಎಂಬುದನ್ನು ಅವರೇ ಹೇಳಬೇಕು.

ಬಾಯಿಯ ಶುಚಿಯೂ ಮುಖ್ಯ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಎರಡು ವರ್ಷಗಳ ಅಧ್ಯಯನದಲ್ಲಿ, ಬಾಯಿಯ ಆರೈಕೆಗೆ ವಿಶೇಷ ಗಮನವಿಲ್ಲದವರಲ್ಲಿ ನೂರಕ್ಕೆ 19 ಮಂದಿಗೆ ನ್ಯುಮೋನಿಯಾ ಬಂತು. ಪ್ರತಿ ಊಟದ ನಂತರ ಹಲ್ಲುಜ್ಜಿಸಿದವರಲ್ಲಿ ಅದು 11 ಮಾತ್ರ.

ಮಕ್ಕಳೇ, ರಾತ್ರಿ ಟಿ.ವಿ. ಆರಿಸಿ ಅಜ್ಜನ ಪಕ್ಕ ಉಣ್ಣಲು ಕುಳಿತುಕೊಳ್ಳಿ. ಅವರನ್ನು ಅವಸರಪಡಿಸಬೇಡಿ. ಬಾಯಲ್ಲಿ ತುತ್ತಿರುವಾಗ ಮಾತಾಡಿಸಬೇಡಿ. ಕಂಡದ್ದನ್ನು ಅಪ್ಪ-ಅಮ್ಮನಿಗೆ ಹೇಳಿ.