ಬಾಗಿಲ ಹಿಂದಿನ ಕರೆಂಟು

ಹಿಂದಿನ ಅಡುಗೆಮನೆಗಳಲ್ಲಿ ಕರೆಂಟಿಗೆ ಇದ್ದ ಜಾಗ ಒಂದೇ: ಸೂರಿನಿಂದ ಜೋತುಬಿದ್ದ, ಹೊಗೆ ಹಿಡಿದ ಬಲ್ಬು. ಆಮೇಲೆ ಮಿಕ್ಸಿ, ಗ್ರೈಂಡರು, ಫ್ರಿಜ್ಜು, ಓವನ್ನು, ನೀರು ಶುದ್ಧಿ ಮಾಡುವ ಯಂತ್ರ ಒಂದರ ಹಿಂದೊಂದು ಬಂದವು. ಈಗ ಇವೆಲ್ಲ ಇರಬೇಕು, ಆದರೆ ಕಣ್ಣಿಗೆ ಬೀಳಬಾರದು. ನಮ್ಮ ಮನೆಗೆ ಕಪಾಟು ಮಾಡಲು ಬಂದಾತ ಹೇಳಿದ್ದೂ ಅದನ್ನೇ: "ಪ್ಲಗ್ ಪಾಯಿಂಟೆಲ್ಲ ಒಳಗೇ ಹಾಕ್ಬಿಡೋಣ ಸಾರ್, ಗೋಡೆ ನೀಟಾಗಿ ಕಾಣುತ್ತೆ." ಸಿಂಕಿನ ಕೆಳಗೊಂದು, ಓವನ್ನಿನ ಹಿಂದೊಂದು ಗುರುತು ಹಾಕಿಯೂಬಿಟ್ಟ.

ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಸಿಂಕಿನ ಕೆಳಗೆ ದಿನಾ ಕೈ ಹಾಕೋರು ಯಾರು?"

ನಾನಂತೂ ಅಲ್ಲ; ಪಾತ್ರೆ ತೊಳೆಯಲು ಬರುವಾಕೆ. ಬರಿಗಾಲು, ಒದ್ದೆ ನೆಲ, ಒದ್ದೆ ಕೈ. ಕಸದ ಬುಟ್ಟಿ ಎಳೆಯುವಾಗ, ಪೈಪು ಸೋರಿದ ನೀರು ಒರೆಸುವಾಗ ಆಕೆಯ ಕೈಗೂ 230 ವೋಲ್ಟಿಗೂ ನಡುವೆ ಒಂದು ಗೇಣು. ನೀಟಾದ ಗೋಡೆಯನ್ನು ಮೆಚ್ಚುವವರು ಹಜಾರದಿಂದ ಇಣುಕುವ ನೆಂಟರು. ಅಪಾಯ ಮಾತ್ರ ಆಕೆಯ ಪಾಲು.

ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಅವರು ಒಳಗೆ ಪಾಯಿಂಟೇ ಬೇಡವೆನ್ನಲಿಲ್ಲ. ಅದಕ್ಕೊಂದು ಕ್ರಮವಿದೆ ಎಂದರು. ಸಾಕೆಟ್ಟು ಒಳಗಿದ್ದರೂ ಸ್ವಿಚ್ಚು ಹೊರಗೆ, ಕೈಗೆಟುಕುವಂತಿರಬೇಕು. ಹೊಗೆ ಕಂಡಾಗ ಡಬ್ಬಿಗಳ ನಡುವೆ ತಡಕಾಡುವಂತಾಗಬಾರದು. ನೀರಿನ ಪೈಪಿನ ಕೆಳಗೆ ಪಾಯಿಂಟು ಕೂಡದು. ಪಕ್ಕದ ಖಾನೆಯಲ್ಲಿ, ಎತ್ತರದಲ್ಲಿರಲಿ. 6 ಆಂಪಿಯರಿನ ಸಾಕೆಟ್ಟು ತಾಳುವುದು ಹೆಚ್ಚೆಂದರೆ 1380 ವಾಟು. ಓವನ್ನಿಗೆ 16 ಆಂಪಿಯರಿನದೇ ಬೇಕು, ವೈರೂ ಅದಕ್ಕೆ ತಕ್ಕಷ್ಟು ದಪ್ಪನಾಗಿರಬೇಕು. ಮುಚ್ಚಿದ ಕಪಾಟಿನಲ್ಲಿ ಬಿಸಿ ಹೊರಹೋಗದು. ಸಡಿಲ ಪಿನ್ನು ಕಾದು ಪ್ಲೈವುಡ್ಡು ಕರಕಲಾದರೂ ಕಾಣದು. ಎಕ್ಸ್‌ಟೆನ್ಷನ್ ಬಾಕ್ಸನ್ನಂತೂ ಒಳಗೆ ತುರುಕಲೇಬಾರದು. ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಉದ್ದನೆಯದು ಅರ್ಥಿಂಗಿನದು. ಎಲ್ಲರಿಗಿಂತ ಮೊದಲು ಎದ್ದು ಕೊನೆಗೆ ಮಲಗುವ ಮನೆಯಾಕೆಯಂತೆ ಅದು ಮೊದಲು ಒಳಹೋಗಿ ಕೊನೆಗೆ ಹೊರಬರುತ್ತದೆ. ಅದನ್ನು ಮುರಿದು ಎರಡೇ ಪಿನ್ನಿನಲ್ಲಿ ಕೆಲಸ ನಡೆಸುವ ಜಾಣತನ ಬೇಡ.

"ಎಂಸಿಬಿ ಇರುತ್ತಲ್ಲ?" ಎಂದೆ.

"ಅದು ವೈರು ಕಾಯೋಕೆ ಸಾರ್. ಮನುಷ್ಯರನ್ನ ಕಾಯೋಕೆ ಆರ್‌ಸಿಸಿಬಿ ಬೇಕು."

ಈ ಆರ್‌ಸಿಸಿಬಿ ಅಂಗಡಿಯವನಂತೆ ಲೆಕ್ಕ ಹಿಡಿದು ಕೂತಿರುತ್ತದೆ. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳಬೇಕು. 30 ಮಿಲಿಆಂಪಿಯರಿನಷ್ಟು ಯಾರದೋ ಮೈಮೂಲಕ ನೆಲಕ್ಕೆ ಸೋರಿದರೂ ಕ್ಷಣದೊಳಗೆ ಲೈನು ಕಡಿಯುತ್ತದೆ. ಆದರೆ ಅದಕ್ಕೂ ತುಕ್ಕು, ಧೂಳು, ವಯಸ್ಸು ಎಲ್ಲ ಉಂಟು. ಅದಕ್ಕೇ ಮೈಮೇಲೊಂದು ಟೆಸ್ಟ್ ಗುಂಡಿ.

ನನ್ನವಳು ಆಗಾಗ ಆ ಗುಂಡಿ ಒತ್ತುತ್ತಾಳೆ. ಟಕ್ಕೆಂದು ಮನೆಯೆಲ್ಲ ಕತ್ತಲು. "ಕರೆಂಟ್ ಹೋಯ್ತಾ ಅಮ್ಮಾ?" ಎಂದು ಪಾತ್ರೆಯ ಕಡೆಯಿಂದ ದನಿ. "ಹೋಯ್ತು ಕಣೇ, ಸದ್ಯ!" ಎನ್ನುತ್ತಾಳೆ ಇವಳು. ಕರೆಂಟು ಹೋದರೆ ಗೊಣಗುವುದೇ ರೂಢಿಯಾದ ನಮ್ಮ ಮನೆಯಲ್ಲಿ, ಹೋದದ್ದಕ್ಕೆ ಸಮಾಧಾನಪಡುವ ಗಳಿಗೆ ಇದೊಂದೇ.